ಬೆಳೆಗಾವಲಿನ ಕೋವಿ: ಅದರ ಆಯ್ಕೆ, ಬೆಲೆ ಮತ್ತು ಕಾಯಿದೆಯ ನಿಬಂಧನೆಗಳು

1. ಪೀಠಿಕೆ

ಕಾಡಂಚಿನ ಗ್ರಾಮಗಳಲ್ಲಿ ಬತ್ತ, ಮುಸುಕಿನ ಜೋಳ, ಗೆಣಸು, ಕಬ್ಬು ಮುಂತಾದ ಪೈರುಗಳು ಕೈಗೆ ಬರುವ ಹೊತ್ತಿಗೆ ಕಾಡುಹಂದಿಗಳ ಉಪದ್ರವವು ಹೆಚ್ಚುವುದನ್ನು ರೈತರೆಲ್ಲರೂ ಬಲ್ಲರು. ಆರು ತಿಂಗಳ ದುಡಿಮೆಯ ಫಲವು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾದುದನ್ನು ಕಂಡ ಹಿಡುವಳಿದಾರನು, ಮನೆಯಲ್ಲೊಂದು ಕೋವಿಯಿದ್ದರೆ ಹೀಗಾಗುತ್ತಿರಲಿಲ್ಲವೆಂದು ಎಣಿಸುವುದು ಸಹಜವೇ ಸರಿ. ಆದರೆ ಯಾವ ಬಗೆಯ ಕೋವಿಯನ್ನು ಕೊಳ್ಳಬೇಕು, ಅದಕ್ಕೆ ತಗಲುವ ವೆಚ್ಚವೇನು, ಯಾರ ಅಪ್ಪಣೆಯನ್ನು ಪಡೆಯಬೇಕು, ಪಡೆದ ಮೇಲೆ ಅದರಿಂದ ಏನು ಮಾಡಬಹುದು, ಏನು ಮಾಡಕೂಡದು ಎಂಬ ವಿಷಯಗಳನ್ನು ಮೊದಲೇ ತಿಳಿದುಕೊಳ್ಳದೆ ಹಣವನ್ನು ಕಳೆದುಕೊಂಡವರೂ, ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿದವರೂ ಅನೇಕರಿದ್ದಾರೆ. ಆದಕಾರಣ ಗ್ರಾಮದ ಯಜಮಾನರ ಮತ್ತು ಹಿಡುವಳಿದಾರರ ಉಪಯೋಗಕ್ಕಾಗಿ ಈ ವಿಷಯಗಳನ್ನು ಇಲ್ಲಿ ಸಂಗ್ರಹವಾಗಿ ಬರೆದಿದೆ.

2. ಕೋವಿಯ ಬಗೆಗಳು

ಕೋವಿಗಳಲ್ಲಿ ನಳಿಗೆಯ ಒಳಮೈ ನುಣುಪಾಗಿರುವುದು ಒಂದು ಜಾತಿ. ಒಳಮೈಯಲ್ಲಿ ತಿರುಪಿನ ಗೆರೆಗಳನ್ನು ಕೊರೆದಿರುವುದು ಇನ್ನೊಂದು ಜಾತಿ. ಎರಡನೆಯದನ್ನು ರೈಫಲ್ ಎನ್ನುವರು. ರೈಫಲಿನ ಗುಂಡು ತಿರುಗುತ್ತ ಬಹುದೂರ ಸಾಗುವುದು, ಅತ್ಯಂತ ಸಣ್ಣದೆನಿಸುವ.22 ಅಳತೆಯ ಗುಂಡೂ ಒಂದು ಮೈಲಿಗಿಂತ ಹೆಚ್ಚು ದೂರ ಹೋಗಬಲ್ಲದು. ಗದ್ದೆಯಾಚೆ ಮನೆಗಳೂ ದಾರಿಗಳೂ ಇರುವ ನಮ್ಮ ಗ್ರಾಮಗಳಲ್ಲಿ ಇದು ಬೆಳೆಗಾವಲಿಗೆ ಹೊಂದತಕ್ಕದ್ದಲ್ಲ. ಬೆಳೆಗಾವಲಿಗೆಂದು ಕಾಯಿದೆಯು ಹೇಳಿರುವುದೂ ನುಣುಪು ನಳಿಗೆಯ ಕೋವಿಯನ್ನೇ. ಇದರಲ್ಲಿ ಮೂರು ಬಗೆಗಳುಂಟು.

(ಅ) ಕೇಪಿನ ಕೋವಿ. ಇದಕ್ಕೆ ನಳಿಗೆಯ ಬಾಯಿಂದಲೇ ಕರಿಮದ್ದು, ಬಟ್ಟೆ ಅಥವಾ ನಾರು, ಚರೆ ಇವುಗಳನ್ನು ತುಂಬಿ, ಗಜದಿಂದ ಜಡಿದು, ಹಿಂದಿನ ಮೊಳೆಯ ಮೇಲೆ ಕೇಪನ್ನಿಟ್ಟು ಹೊಡೆಯುವರು. ಬೆಲೆ ಕಡಿಮೆ, ರಚನೆ ಸರಳ. ಆದರೆ ಒಂದು ಈಡಾದ ಮೇಲೆ ಮತ್ತೆ ತುಂಬಲು ಹೊತ್ತು ಹಿಡಿಯುವುದು. ಮಳೆಗಾಲದಲ್ಲಿ ಮದ್ದು ತೇವಗೊಂಡು ಈಡು ಹಾರದೆ ಹೋಗುವುದೂ ಉಂಟು. ಹೊಗೆಯಿಲ್ಲದ ಹೊಸ ಬಗೆಯ ಮದ್ದನ್ನು ಈ ಕೋವಿಗೆ ಎಂದಿಗೂ ತುಂಬಕೂಡದು. ನಳಿಗೆ ಸಿಡಿದು ಕೈ, ಕಣ್ಣುಗಳಿಗೆ ಅಪಾಯವಾಗುವುದು.

(ಆ) ಒಂಟಿ ನಳಿಗೆಯ ತೋಟಾ ಕೋವಿ. ನಡುವೆ ಮುರಿದು ಹಿಂದಿನಿಂದ ತೋಟಾ ಹಾಕುವಂತೆ ಇದನ್ನು ಮಾಡಿರುವರು. ಬೇಗನೆ ತುಂಬಬಹುದು, ಅದಕ್ಕಿಂತ ಮುಖ್ಯವಾಗಿ, ಬೇಗನೆ ಬರಿದು ಮಾಡಲೂಬಹುದು. ಕೋವಿಯನ್ನು ಮುರಿದು ಹಿಡಿದಾಗ ಅದರಲ್ಲಿ ತೋಟಾ ಇಲ್ಲವೆಂಬುದು ಎದುರಿಗಿರುವವನಿಗೂ ಕಾಣುವುದು ಇದರ ದೊಡ್ಡ ಗುಣ.

(ಇ) ಜೋಡು ನಳಿಗೆಯ ತೋಟಾ ಕೋವಿ. ಎರಡು ಈಡುಗಳು ಸಿದ್ಧವಾಗಿರುವುವು. ತೂಕವೂ ಬೆಲೆಯೂ ಹೆಚ್ಚು. ಒಂದು ಈಡು ಹಾರಿದ ಮೇಲೆ ಇನ್ನೊಂದು ಒಳಗೇ ಇರುವುದನ್ನು ಮರೆತು ಆಗುವ ಅನಾಹುತಗಳಿಗೆ ಇದು ಎಡೆಗೊಡುವುದರಿಂದ, ರೂಢಿಯಿಲ್ಲದವರು ಒಂಟಿ ನಳಿಗೆಯಿಂದ ಆರಂಭಿಸುವುದು ಲೇಸು.

ತೋಟಾ ಕೋವಿಗಳಲ್ಲಿ ನಮ್ಮಲ್ಲಿ ರೂಢಿಯಾಗಿರುವುದು 12 ಬೋರಿನದು. ನಳಿಗೆಯ ಬಾಯಗಲಕ್ಕೆ ಸರಿಹೊಂದುವ ಸೀಸದ ಉಂಡೆಗಳು 12 ಸೇರಿದರೆ ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ತೂಗುವುದೆಂಬುದೇ ಈ ಹೆಸರಿನ ಅರ್ಥ. ಬಾಯಗಲವು ಸುಮಾರು 18.5 ಮಿಲಿಮೀಟರು. ತೋಟಾಗಳಲ್ಲಿ 65 ಮತ್ತು 70 ಮಿಲಿಮೀಟರು ಉದ್ದದವೆಂಬ ಭೇದವಿದೆ. ಹಳೆಯ ಕೋವಿಗಳಲ್ಲಿ ಕೆಲವು 65ರ ಅಳತೆಗೆ ಮಾತ್ರ ತಕ್ಕವು. ಅವುಗಳಿಗೆ 70ರ ತೋಟಾ ಹಾಕಿದರೆ ಒಳಗೆ ಕೂರಬಹುದು. ಆದರೆ ಸಿಡಿಯುವಾಗ ಬಾಯಿ ಬಿಚ್ಚಲು ಎಡೆಯಿಲ್ಲದೆ ಒತ್ತಡವು ಅಪಾಯಕರವಾಗಿ ಏರುವುದು.

3. ಬೆಲೆಯನ್ನು ಹೋಲಿಸುವ ಕ್ರಮ

ಬೆಲೆಯಲ್ಲಿ ಕೇಪಿನ ಕೋವಿ ಎಲ್ಲಕ್ಕಿಂತ ಕೆಳಗೆ, ಒಂಟಿ ನಳಿಗೆಯದು ಅದರ ಮೇಲೆ, ಜೋಡು ನಳಿಗೆಯದು ಅದಕ್ಕೂ ಮೇಲೆ ನಿಲ್ಲುವುದು. ಸರ್ಕಾರದ ಒಡೆತನದ ಕಾರ್ಖಾನೆಗಳಲ್ಲಿ ಮಾಡಿದ ಕೋವಿಗಳೂ, ಜಮ್ಮು, ಮುಂಗೇರ್ ಮುಂತಾದ ಊರುಗಳಲ್ಲಿ ಖಾಸಗಿಯವರು ಪರವಾನಗಿ ಪಡೆದು ಮಾಡಿದವೂ ಅಂಗಡಿಗಳಿಗೆ ಬರುತ್ತವೆ. ವಿದೇಶದ ಕೋವಿಗಳ ಆಮದು 1980ರ ದಶಕದಿಂದ ಬಹಳ ನಿರ್ಬಂಧಕ್ಕೊಳಗಾದ ಕಾರಣ, ಹಳೆಯ ಇಂಗ್ಲಿಷ್ ಕೋವಿಗಳು ಹೆಸರಿಗಾಗಿಯೇ ದುಬಾರಿಯಾಗಿವೆ. ಹಂದಿಯನ್ನು ಬೆದರಿಸಲು ಆ ಹೆಸರಿನಿಂದ ಆಗುವ ಪ್ರಯೋಜನವೇನೂ ಇಲ್ಲ.

ಕೋವಿಯ ಬೆಲೆಯೊಂದನ್ನೇ ಕೇಳಿ ಬರುವುದು ಎತ್ತಿನ ಬೆಲೆ ಕೇಳಿ ಮೇವಿನ ಬೆಲೆ ಕೇಳದೆ ಬಂದಂತೆ. ಕನಿಷ್ಠ ಎರಡು ಅಂಗಡಿಗಳಲ್ಲಿ ಈ ಐದು ಬಾಬುಗಳನ್ನು ವಿಚಾರಿಸಿ ಬರೆದುಕೊಳ್ಳತಕ್ಕದ್ದು: ತೆರಿಗೆ ಸೇರಿ ಕೋವಿಯ ಬೆಲೆ, ಒಂದು ತೋಟಾದ ಬೆಲೆ, ಮತ್ತು ಆ ತೋಟಾ ವರ್ಷವಿಡೀ ದೊರೆಯುವುದೇ ಎಂಬುದು, ಲೈಸೆನ್ಸಿನ ಮತ್ತು ನವೀಕರಣದ ಶುಲ್ಕ, ಬೀಗವಿರುವ ಕಬ್ಬಿಣದ ಪೆಟ್ಟಿಗೆ, ರಿಪೇರಿ ಮತ್ತು ಎಣ್ಣೆಯ ಖರ್ಚು. ಈ ಮೊತ್ತವನ್ನು ಹತ್ತು ವರ್ಷಗಳಿಗೆ ಹಂಚಿ, ಬಂದ ವಾರ್ಷಿಕ ಖರ್ಚನ್ನು ಹಂದಿಯಿಂದ ವರ್ಷಕ್ಕಾಗುವ ನಷ್ಟದೊಡನೆ ಹೋಲಿಸಿರಿ. ಎರಡು ಮೂರು ಎಕರೆಯ ಹಿಡುವಳಿಗೆ ಈ ಲೆಕ್ಕವು ಅನೇಕ ವೇಳೆ ಗಿಟ್ಟುವುದಿಲ್ಲ. ಅಂಥವರು ನೆರೆಹೊರೆಯವರೊಡನೆ ಕೂಡಿ ಸೌರಶಕ್ತಿಯ ಬೇಲಿ ಹಾಕಿಸುವುದು, ಸರದಿಯಿಂದ ಕಾವಲಿರುವುದು ಮೇಲು.

ಹಳೆಯ ಕೋವಿಯನ್ನು ಕೊಳ್ಳುವುದಾದರೆ, ಮೊದಲು ಅದು ಬರಿದಾಗಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಗುಳಿ, ಉಬ್ಬು, ತಗ್ಗುಗಳಿವೆಯೇ ಎಂದು ನೋಡಬೇಕು. ಮುಚ್ಚಿ ಅಲುಗಿಸಿದಾಗ ನಳಿಗೆಯು ಸಂದಿನಲ್ಲಿ ಸಡಿಲವಾಗಿರಬಾರದು. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದರೆ ಅದು ಅಲ್ಲಿಯೇ ಭದ್ರವಾಗಿ ನಿಲ್ಲಬೇಕು. ನಳಿಗೆಯ ಮೇಲಿನ ಪರೀಕ್ಷಾ ಮುದ್ರೆಯೂ ಅಂಕಿಯೂ ಸ್ಪಷ್ಟವಾಗಿದ್ದು, ಅಂಕಿಯು ಕಾಗದಪತ್ರಗಳೊಡನೆ ತಾಳೆಯಾಗಬೇಕು. ಅಂಕಿಯನ್ನು ಅಳಿಸಿದ ಕೋವಿಯನ್ನು ಪುಕ್ಕಟೆಯಾಗಿ ಕೊಟ್ಟರೂ ಮುಟ್ಟಬೇಡಿರಿ. ಲೈಸೆನ್ಸುಳ್ಳ ಒಬ್ಬನು ಇನ್ನೊಬ್ಬನಿಗೆ ತನ್ನ ಕೋವಿಯನ್ನು ಮಾರಬೇಕಾದರೆ, ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೋಲೀಸು ಠಾಣೆಗೆ ಬರಹದ ಮೂಲಕ ತಿಳಿಸಿ 45 ದಿನಗಳು ಕಳೆದಿರಬೇಕು; ಕೊಳ್ಳುವವನಿಗೂ ಲೈಸೆನ್ಸಿರಬೇಕು.

4. ಲೈಸೆನ್ಸನ್ನು ಪಡೆಯುವುದು

ಈಗ ಜಾರಿಯಲ್ಲಿರುವುದು 1959ನೆಯ ಇಸವಿಯ ಆಯುಧ ಕಾಯಿದೆ ಮತ್ತು 2016ರ ಆಯುಧ ನಿಯಮಗಳು. ಕಾಯಿದೆಯ 13ನೆಯ ಪ್ರಕರಣದಂತೆ ನಿಜವಾದ ಬೆಳೆಗಾವಲಿಗೆ ಬಾಯಿಂದ ತುಂಬುವ ಕೋವಿಗೆ ಲೈಸೆನ್ಸು ಕೊಡತಕ್ಕದ್ದು. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ, 20 ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯುಳ್ಳ ಇತರ ನುಣುಪು ನಳಿಗೆಯ ಕೋವಿಗೂ ಕೊಡಬಹುದು. ಆದುದರಿಂದ ಅರ್ಜಿಯಲ್ಲಿ ಸರ್ವೆ ನಂಬರು, ಪೈರು, ನಷ್ಟವಾದ ತಿಂಗಳು, ಕಾಡಿನ ದೂರ ಇವುಗಳನ್ನು ವಿವರವಾಗಿ ಬರೆದು, ಪಹಣಿಯ ನಕಲನ್ನು ಸೇರಿಸುವುದು ಒಳ್ಳೆಯದು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪೋಲೀಸಿನವರ ವರದಿಯನ್ನು ತರಿಸಿಕೊಂಡು ಅಧಿಕಾರಿಯು ತೀರ್ಮಾನಿಸುವನು. ಕೋವಿಯನ್ನು ಭದ್ರವಾಗಿಡುವೆನೆಂಬ ಮುಚ್ಚಳಿಕೆಯನ್ನೂ, ಕೋವಿ ಹಿಡಿಯುವ ತರಬೇತಿಯನ್ನೂ ನಿಯಮಗಳು ಕೇಳುತ್ತವೆ. ನಿರಾಕರಿಸಿದರೆ 18ನೆಯ ಪ್ರಕರಣದಂತೆ ಮೇಲ್ಮನವಿಗೆ ಅವಕಾಶವಿದೆ.

2019ರ ತಿದ್ದುಪಡಿಯಿಂದ ಮೂರು ಬದಲಾವಣೆಗಳಾಗಿವೆ. ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕಿಳಿದಿವೆ. ಲೈಸೆನ್ಸಿನ ಅವಧಿಯು ಮೂರು ವರ್ಷದಿಂದ ಐದು ವರ್ಷಕ್ಕೇರಿದೆ. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಅಜಾಗರೂಕತೆಯಿಂದ ಈಡು ಹಾರಿಸುವುದು ಎರಡು ವರ್ಷಗಳವರೆಗಿನ ಸೆರೆವಾಸಕ್ಕೂ, ಒಂದು ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆಗೂ ಗುರಿಯಾಗತಕ್ಕ ಅಪರಾಧವಾಗಿದೆ.

ಯಜಮಾನರು ವಿಶೇಷವಾಗಿ ಗಮನಿಸಬೇಕಾದುದು ತಂದೆ ತೀರಿಹೋದ ಮನೆಗಳ ಕೋವಿಯನ್ನು. ಲೈಸೆನ್ಸು ತೀರಿದವನೊಡನೆ ತೀರುವುದು. ಕೋವಿಯೊಡನೆ ಅದು ಮಗನಿಗೆ ಇಳಿಯುವುದಿಲ್ಲ. ಕೋವಿಯನ್ನು ತಡಮಾಡದೆ ಠಾಣೆಯಲ್ಲಾಗಲಿ, ಲೈಸೆನ್ಸುಳ್ಳ ವ್ಯಾಪಾರಿಯಲ್ಲಾಗಲಿ ಒಪ್ಪಿಸಿ ರಸೀತಿ ಪಡೆದು, ವಾರಸುದಾರನು ತನ್ನ ಹೆಸರಿನಲ್ಲಿ ಅರ್ಜಿ ಹಾಕತಕ್ಕದ್ದು. ಲೈಸೆನ್ಸಿಲ್ಲದೆ ಕೋವಿಯನ್ನಿಟ್ಟುಕೊಂಡರೆ ಎರಡರಿಂದ ಐದು ವರ್ಷಗಳ ಸೆರೆವಾಸವೂ ಜುಲ್ಮಾನೆಯೂ ಉಂಟು. ಅಟ್ಟದ ಮೇಲೆ ಮರೆತಿಟ್ಟ ಅಜ್ಜನ ಕೋವಿಗೂ ಇದೇ ಕಾಯಿದೆ. ಚುನಾವಣೆಯ ಕಾಲದಲ್ಲಿ ಕೋವಿಯನ್ನು ಒಪ್ಪಿಸುವಂತೆ ಆಜ್ಞೆಯಾದಾಗಲೂ ರಸೀತಿಯಿಲ್ಲದೆ ಒಪ್ಪಿಸಕೂಡದು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿಯುಂಟು. ಭಾರತ ಸರ್ಕಾರವು ಇದನ್ನು 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್ ತಿಂಗಳ ಕೊನೆಯವರೆಗೆ ಮುಂದುವರಿಸಿತು. ಇದನ್ನು ನೋಡಿ ನೆರೆಯ ಜಿಲ್ಲೆಗಳವರು ತಮಗೂ ಅದು ಅನ್ವಯಿಸುವುದೆಂದು ತಿಳಿಯಬಾರದು.

5. ಕೋವಿಯ ಅಪ್ಪಣೆ ಬೇರೆ, ಕೊಲ್ಲುವ ಅಪ್ಪಣೆ ಬೇರೆ

ಈ ಪತ್ರಿಕೆಯಲ್ಲಿ ಮುಖ್ಯವಾಗಿ ಹೇಳತಕ್ಕ ಮಾತು ಇದೇ. ಆಯುಧ ಕಾಯಿದೆಯ ಲೈಸೆನ್ಸು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಮಾತ್ರ. ಪ್ರಾಣಿಯ ವಿಷಯದಲ್ಲಿ ನಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಕಾಡುಹಂದಿಯು ಆ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಪೈರನ್ನು ಹಾಳುಮಾಡುವ ಹಂದಿಯನ್ನು ಕೊಲ್ಲಬೇಕಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಕಾರಣ ಬರೆದು ಕೊಟ್ಟ ಲಿಖಿತ ಆಜ್ಞೆ ಇರಬೇಕು. ಆನೆ, ಕಾಟಿ, ನವಿಲು ಮೊದಲನೆಯ ಅನುಸೂಚಿಯವು. ಬೆಳೆನಷ್ಟದ ಕಾರಣದಿಂದ ಅವುಗಳನ್ನು ಕೊಲ್ಲಲು ಅಪ್ಪಣೆಯೇ ಇಲ್ಲ. ಮೈಮೇಲೆ ಬಿದ್ದ ಪ್ರಾಣಿಯಿಂದ ಪ್ರಾಣವನ್ನುಳಿಸಿಕೊಳ್ಳಲು ಸದ್ಭಾವನೆಯಿಂದ ಹೊಡೆದುದು ಅಪರಾಧವಲ್ಲ. ಆದರೆ ಸತ್ತ ಪ್ರಾಣಿಯು ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಹಂಚಿಕೊಳ್ಳಕೂಡದು.

ವನ್ಯಜೀವಿಧಾಮದಿಂದ 10 ಕಿಲೋಮೀಟರುಗಳ ಒಳಗಿನ ಗ್ರಾಮಗಳಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಹೊಸ ಲೈಸೆನ್ಸು ಕೊಡುವಂತಿಲ್ಲ. ಅಲ್ಲಿನ ರೈತರು ಅಂಗಡಿಗೆ ಮುಂಗಡ ಕೊಡುವ ಮೊದಲು ಇದನ್ನು ವಿಚಾರಿಸತಕ್ಕದ್ದು. ಉರುಳು, ಸಿಡಿಮದ್ದಿನ ಉಂಡೆ, ನೇರವಾಗಿ ವಿದ್ಯುತ್ತು ಹರಿಸಿದ ತಂತಿ ಇವು ಲೈಸೆನ್ಸಿನ ತೊಂದರೆಯಿಲ್ಲದ ಉಪಾಯಗಳೆಂದು ಕೆಲವರು ಭಾವಿಸಿದ್ದಾರೆ. ಇವೆಲ್ಲ ಅಪರಾಧಗಳು, ದನಕ್ಕೂ ಮನುಷ್ಯನಿಗೂ ಮೃತ್ಯುಪ್ರಾಯವಾದವು. ಪೈರು ನಷ್ಟವಾದಾಗ ಪರಿಹಾರಕ್ಕಾಗಿ ಅರಣ್ಯ ಇಲಾಖೆಗೆ ಬೇಗನೆ ಅರ್ಜಿ ಕೊಡಿರಿ. ಅದೇ ಅರ್ಜಿಗಳ ನಕಲು ಮುಂದೆ ಕೋವಿಯ ಲೈಸೆನ್ಸಿಗೂ ಆಧಾರವಾಗುವುದು.

6. ಕಂಡ ಒಂದು ಸಂಗತಿ

ಕೆಲವು ವರ್ಷಗಳ ಹಿಂದೆ ಈ ಲೇಖಕನು ಪೈರಿನ ನಷ್ಟವನ್ನು ನೋಡಲು ಮಲೆನಾಡಿನ ಒಂದು ಗ್ರಾಮಕ್ಕೆ ಹೋಗಿದ್ದನು. ಅದಕ್ಕೆ ಎರಡು ದಿನ ಮುಂಚೆ ಅಲ್ಲಿನ ರೈತರೊಬ್ಬರು ಅಟ್ಟಣೆಯ ಮೇಲೆ ಕಾವಲಿದ್ದಾಗ ಬತ್ತದ ಮಧ್ಯೆ ಸದ್ದನ್ನು ಕೇಳಿ, ಹಂದಿಯೆಂದು ಈಡು ಹೊಡೆದಿದ್ದರು. ಅಲ್ಲಿದ್ದವನು ನೀರು ತಿರುಗಿಸಲು ಬಂದಿದ್ದ ಪಕ್ಕದ ಗದ್ದೆಯವನು, ಅವರ ಬಾಲ್ಯದ ಗೆಳೆಯನೇ. ಜೀವವುಳಿಯಿತು, ಕಾಲು ನೆಟ್ಟಗಾಗಲಿಲ್ಲ. ಹೊಡೆದವರಿಗೆ ಲೈಸೆನ್ಸಿತ್ತು, ಕೋವಿ ಒಳ್ಳೆಯದಿತ್ತು. ಇಲ್ಲದಿದ್ದುದು ಕೈಯಲ್ಲೊಂದು ಬ್ಯಾಟರಿ ದೀಪ ಮತ್ತು "ಯಾರು?" ಎಂಬ ಒಂದು ಕೂಗು. ಅಂದು ಹಂದಿ ತಿಂದಿದ್ದ ಪೈರನ್ನು ನಾನು ಅಳೆದೆನು. ಎರಡು ಗುಂಟೆಯಷ್ಟೂ ಇರಲಿಲ್ಲ. "ಸ್ವಾಮಿ, ಇಡೀ ಗದ್ದೆ ಹೋಗಿದ್ದರೂ ಚಿಂತೆಯಿರಲಿಲ್ಲ" ಎಂದು ಆ ರೈತರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ.

7. ನೆನಪಿಡತಕ್ಕ ನಿಬಂಧನೆಗಳು

(1) ಕಣ್ಣಿಗೆ ಸ್ಪಷ್ಟವಾಗಿ ಕಾಣದುದರ ಕಡೆಗೆ, ಸದ್ದನ್ನೇ ನಂಬಿ, ಎಂದಿಗೂ ಈಡು ಹೊಡೆಯಕೂಡದು. ಗುರಿಯ ಹಿಂದೆ ಏನಿದೆಯೆಂಬುದೂ ತಿಳಿದಿರಬೇಕು.

(2) ಪ್ರತಿಯೊಂದು ಕೋವಿಯೂ ತುಂಬಿದೆಯೆಂದೇ ಭಾವಿಸಿ ಹಿಡಿಯಬೇಕು. ಅಟ್ಟಣೆ ಹತ್ತುವಾಗ, ಬದು ದಾಟುವಾಗ, ಮನೆಯೊಳಗೆ ಬರುವಾಗ ಅದನ್ನು ಬರಿದು ಮಾಡಿರಬೇಕು.

(3) ಕಾವಲಿಗೆ ಹೋಗುವವರ ಹೆಸರು ಮತ್ತು ಗದ್ದೆಯನ್ನು ಸಂಜೆಯೇ ನೆರೆಯವರಿಗೆ ತಿಳಿಸುವ ಪದ್ಧತಿಯನ್ನು ಯಜಮಾನರು ಗ್ರಾಮದಲ್ಲಿ ಏರ್ಪಡಿಸಬೇಕು. ಕುಡಿದವನ ಕೈಗೆ ಕೋವಿಯನ್ನು ಕೊಡಬಾರದು.

(4) ಕೋವಿಯನ್ನೂ ತೋಟಾಗಳನ್ನೂ ಬೇರೆ ಬೇರೆ ಬೀಗಗಳಲ್ಲಿಡಬೇಕು. ಬೀಗದ ಕೈ ಮಕ್ಕಳಿಗೆ ಸಿಗಬಾರದು.

(5) ಕರಿಮದ್ದಿನ ಮಸಿಯು ತೇವವನ್ನು ಹೀರಿ ನಳಿಗೆಯನ್ನು ತಿನ್ನುವುದರಿಂದ, ಕೇಪಿನ ಕೋವಿಯನ್ನು ಹೊಡೆದ ದಿನವೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು.

(6) ಲೈಸೆನ್ಸಿನ ಅವಧಿ ಮುಗಿಯುವ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟು, ಸಾಕಷ್ಟು ಮುಂಚಿತವಾಗಿ ನವೀಕರಣಕ್ಕೆ ಅರ್ಜಿ ಕೊಡಬೇಕು.

ಬೇಲಿ, ಬೆಳಕು, ಕೂಗು, ಕೂಡುಗಾವಲು ಇವು ಮೊದಲು, ಕೋವಿ ಕೊನೆಗೆ. ಕೊಳ್ಳಲೇಬೇಕಾದವರು ಕಾಯಿದೆಯಂತೆ ಕೊಂಡು, ಕಾಯಿದೆಯಂತೆ ಇಟ್ಟುಕೊಂಡು, ಪೈರಿನೊಡನೆ ನೆರೆಯವನ ಪ್ರಾಣವನ್ನೂ ಕಾಯುವರೆಂದು ನಂಬಿದೆ.