ಹಳೇ ಪದ್ಮಿನಿಗೊಂದು ಬ್ಯಾಟರಿ ಸ್ವಿಚ್

ಕಳೆದ ವರ್ಷ ಆಯುಧಪೂಜೆ ದಿನ ನಮ್ಮನೆ ಕಾರಿನಲ್ಲಿ ಹೊಗೆ ಬಂತು. ಕಾರು ಅಜ್ಜನದು, 1984ರ ಪ್ರೀಮಿಯರ್ ಪದ್ಮಿನಿ. ಬೆಳಿಗ್ಗೆ ತೊಳೆದು, ಒರೆಸಿ, ಪೋರ್ಟಿಕೋದಲ್ಲಿ ನಿಲ್ಲಿಸಿ, ಬಾನೆಟ್ ಮೇಲೆ ಸೇವಂತಿಗೆ ಹಾರ ಹಾಕಿದ್ದೆವು. ಕೀಲಿ ನನ್ನ ಜೇಬಿನಲ್ಲೇ ಇತ್ತು. ಆದರೂ ಡ್ಯಾಶ್‌ಬೋರ್ಡ್ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಅದರ ಹಿಂದೆಯೇ ಬಿಳಿ ಹೊಗೆ.

"ಬ್ಯಾಟರಿ ವೈರ್ ಕಿತ್ತಾಕ್ರೋ!" ಅಂತ ಅಪ್ಪ ಕೂಗಿದ್ರು. ಬಾನೆಟ್ ಎತ್ತಿದೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿ ನಟ್ಟು ಬಿಗಿದುಕೊಂಡಿತ್ತು, ಬರಿಗೈಲಿ ಅಲುಗಾಡಲಿಲ್ಲ. ಸ್ಪ್ಯಾನರ್ ಬೇಕು. ಮನೆಯ ಸ್ಪ್ಯಾನರ್‌ಗಳೆಲ್ಲ ಅವತ್ತು ದೇವರಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು! ಓಡಿಹೋಗಿ ತಂದು, ಸರಿಯಾದ ಅಳತೆಯದನ್ನು ಹುಡುಕಿ, ಬಿಚ್ಚುವಷ್ಟರಲ್ಲಿ ಎರಡು ನಿಮಿಷ ಆಗಿತ್ತು. ಅಷ್ಟರಲ್ಲಿ ಅರ್ಧ ಮೀಟರ್ ವೈರಿಂಗ್ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು.

ಪುಣ್ಯಕ್ಕೆ ಬೆಂಕಿ ಹತ್ತಲಿಲ್ಲ. ಆದರೆ ಪೋರ್ಟಿಕೋ ಮೇಲೇ ಅಜ್ಜಿಯ ಕೋಣೆ. ಅಜ್ಜ ಸಂಜೆ ಒಂದೇ ಮಾತು ಹೇಳಿದ್ರು: "ಇನ್ನು ಇದು ಮನೇಲಿ ಬೇಡ, ಮಾರಿಬಿಡಿ." ನಲವತ್ತು ವರ್ಷ ತಮ್ಮ ಕೈಯಾರೆ ಓಡಿಸಿದ ಕಾರು. ಒಂದು ತಿಂಗಳು ಟೈಮ್ ಕೊಡಿ ಅಂತ ಕೇಳಿಕೊಂಡೆ. ಆ ತಿಂಗಳಲ್ಲಿ ಮಾಡಿದ ಕೆಲಸವೇ ಈ ಲೇಖನ.

ಬರೀ 12 ವೋಲ್ಟ್, ಏನಾಗತ್ತೆ?

ಹೊಗೆ ಬಂದ ಕಾರಣ ಸರಳ. ಬ್ಯಾಟರಿಯಿಂದ ಕೀಲಿಯ ಸ್ವಿಚ್‌ಗೆ ಹೋಗುವ ತಂತಿ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿನ ಮೂಲಕ ಹಾಯ್ದು ಹೋಗತ್ತೆ. ತೂತಿನ ಅಂಚಿಗೆ ಇದ್ದ ರಬ್ಬರ್ ಉಂಗುರ ಒಣಗಿ ಉದುರಿತ್ತು. ವರ್ಷಗಟ್ಟಲೆ ಉಜ್ಜಿ ಉಜ್ಜಿ ತಂತಿಯ ಹೊದಿಕೆ ಸವೆದು, ತಾಮ್ರ ನೇರವಾಗಿ ಬಾಡಿಗೆ ತಗುಲಿತು. ಕಾರಿನ ಬಾಡಿ ಅಂದರೆ ಬ್ಯಾಟರಿಯ ಮೈನಸ್. ಅಲ್ಲಿಗೆ ಶಾರ್ಟ್ ಸರ್ಕ್ಯೂಟ್. ನಮ್ಮ ಕಾರಿನಲ್ಲಿ ಈ ತಂತಿಗೆ ಫ್ಯೂಸ್ ಇರಲಿಲ್ಲ. ಕೀಲಿ ಆಫ್ ಇದ್ದರೂ ಇದರಲ್ಲಿ ಸದಾ ವೋಲ್ಟೇಜ್ ಇರತ್ತೆ, ಯಾಕಂದ್ರೆ ಇದು ಕೀಲಿಗಿಂತ ಮುಂಚಿನ ತಂತಿ.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯಲ್ಲ. ಹಾಗಾಗಿ ನಾವು ಅದನ್ನ ಹಗುರವಾಗಿ ತಗೋತೀವಿ. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಕಲಿತ ಓಮ್ ನಿಯಮವನ್ನೇ ಇಲ್ಲಿ ಹಾಕಿ ನೋಡಿ. ಒಳ್ಳೆ ಸ್ಥಿತಿಯ ಕಾರ್ ಬ್ಯಾಟರಿಯ ಒಳರೋಧ ಸುಮಾರು 0.01 ಓಮ್ ಅಂತಿಟ್ಟುಕೊಳ್ಳಿ. 2.5 ಚದರ ಮಿಲಿಮೀಟರ್ ದಪ್ಪದ, 2 ಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು 0.014 ಓಮ್. ಒಟ್ಟು 0.024 ಓಮ್. 12.6 ವೋಲ್ಟನ್ನು ಇದರಿಂದ ಭಾಗಿಸಿದರೆ 500 ಆಂಪಿಯರ್‌ಗೂ ಹೆಚ್ಚು! ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 4 ಕಿಲೋವ್ಯಾಟ್, ಅಂದರೆ ಬಚ್ಚಲುಮನೆಯ ಎರಡು ಗೀಸರ್‌ಗಳ ಶಾಖ ಎರಡು ಮೀಟರ್ ತಂತಿಯಲ್ಲಿ. ತುಕ್ಕು, ಸಡಿಲ ಸಂಪರ್ಕ, ತಂತಿ ಕಾದಂತೆ ಏರುವ ರೋಧ ಇವೆಲ್ಲ ಸೇರಿ ನಿಜದಲ್ಲಿ ಇದಕ್ಕಿಂತ ಕಡಿಮೆ ಇರತ್ತೆ. ಕಾಲು ಭಾಗ ಆದರೂ ಹೊದಿಕೆ ಕರಗೋದಕ್ಕೆ ಧಾರಾಳ ಸಾಕು.

ಆದ್ದರಿಂದ ಮೊದಲು ಮಾಡಿದ್ದು ಸ್ವಿಚ್ ಅಲ್ಲ. ಸುಟ್ಟ ವೈರಿಂಗ್ ಬದಲಿಸಿ, ಹೊಸ ರಬ್ಬರ್ ಉಂಗುರ ಹಾಕಿ, ಆ ತಂತಿಗೆ ಬ್ಯಾಟರಿಯ ಹತ್ತಿರದಲ್ಲೇ ಒಂದು 40 ಆಂಪಿಯರ್ ಫ್ಯೂಸ್ ಕೂರಿಸಿದೆವು. ಫ್ಯೂಸ್ ನಾವು ನಿದ್ದೆ ಮಾಡುವಾಗಲೂ ಕೆಲಸ ಮಾಡತ್ತೆ. ಸ್ವಿಚ್ ನಮಗೆ ನೆನಪಿದ್ದರೆ ಮಾತ್ರ. ಒಂದರ ಬದಲು ಇನ್ನೊಂದು ಅಲ್ಲ, ಎರಡೂ ಬೇಕು. ಸ್ಟಾರ್ಟರ್ ಮೋಟಾರಿನ ದಪ್ಪ ಕೇಬಲ್‌ಗೆ ಮಾತ್ರ ಸಾಮಾನ್ಯವಾಗಿ ಫ್ಯೂಸ್ ಹಾಕಲ್ಲ. ಅದನ್ನು ಕಾಯೋದಕ್ಕೆ ಸ್ವಿಚ್ ಒಂದೇ ದಾರಿ.

ಯಾವ ಕಡೆ ಹಾಕಬೇಕು?

ಸರಣಿ ಸರ್ಕ್ಯೂಟ್‌ನಲ್ಲಿ ಎಲ್ಲಿ ಕತ್ತರಿಸಿದರೂ ಕರೆಂಟ್ ನಿಲ್ಲತ್ತೆ. ಹಾಗಾದರೆ ಪ್ಲಸ್ ಕಡೆ ಹಾಕಿದರೂ ಒಂದೇ, ಮೈನಸ್ ಕಡೆ ಹಾಕಿದರೂ ಒಂದೇ ಅಲ್ವಾ? ಕತ್ತರಿಸೋದಕ್ಕೆ ಒಂದೇ. ಎಡವಟ್ಟಾದಾಗ ಒಂದೇ ಅಲ್ಲ.

ಸ್ವಿಚ್‌ಗೆ ಹೋಗಿ ಬರುವ ಕೇಬಲ್ ಕೂಡ ಒಂದು ದಿನ ಉಜ್ಜಿ ಸವೆಯಬಹುದು. ಪ್ಲಸ್ ಕಡೆಯದಾದರೆ, ಬಾಡಿಗೆ ತಗುಲಿದ ತಕ್ಷಣ ಮತ್ತೆ ಅದೇ ಹೊಗೆ, ಈ ಸಲ ಇನ್ನೂ ದಪ್ಪ ಕೇಬಲ್‌ನಲ್ಲಿ. ಬಾಡಿ ಕಡೆಯದಾದರೆ, ಬಾಡಿಗೆ ಹೋಗಬೇಕಾದ ತಂತಿ ಬಾಡಿಗೇ ತಗುಲಿತು, ಅಷ್ಟೆ. ಸ್ವಿಚ್ ಕೆಲಸ ಮಾಡಲ್ಲ, ಆದರೆ ಏನೂ ಸುಡಲ್ಲ. ಸ್ಪ್ಯಾನರ್ ಜಾರಿದಾಗಲೂ ಇದೇ ಲೆಕ್ಕ. ಹಾಗಾಗಿ ಮನೆ ಬಳಕೆಯ ಹಳೇ ಕಾರಿಗೆ ಸ್ವಿಚ್ ಹಾಕಬೇಕಾದ್ದು ಬಾಡಿಗೆ ಹೋಗುವ ಕೇಬಲ್‌ನಲ್ಲಿ.

"ಮೈನಸ್ ಕೇಬಲ್" ಅಂತ ಹೇಳದೆ "ಬಾಡಿಗೆ ಹೋಗುವ ಕೇಬಲ್" ಅಂತ ಹೇಳಿದ್ದಕ್ಕೆ ಕಾರಣ ಇದೆ. ಪದ್ಮಿನಿಯಲ್ಲಿ ಮೈನಸ್ ಬಾಡಿಗೆ ಹೋಗತ್ತೆ. ಆದರೆ ಮಾರಿಸ್ ಮೈನರ್, ಮಾರಿಸ್ ಆಕ್ಸ್‌ಫರ್ಡ್‌ನಂಥ ಐವತ್ತರ ದಶಕದ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ಸೇ ಬಾಡಿಗೆ ಹೋಗತ್ತೆ. ನಮ್ಮ ಅಂಬಾಸಡರ್ ಹುಟ್ಟಿದ್ದೇ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಹಾಗಾಗಿ ನಿಮ್ಮದು ತುಂಬಾ ಹಳೇ ಕಾರಾದರೆ ಕೇಬಲ್ ಬಣ್ಣ ನಂಬಬೇಡಿ. ಕಣ್ಣಾರೆ ಕೇಬಲ್ ಹಿಂಬಾಲಿಸಿ, ಯಾವುದು ಬಾಡಿಗೆ ಬೋಲ್ಟ್ ಆಗಿದೆ ಅಂತ ನೋಡಿ.

ಯಾವ ಸ್ವಿಚ್?

ಅಂಗಡಿಯಲ್ಲಿ ಮೂರು ಬಗೆ ಸಿಗತ್ತೆ. ಮೊದಲನೆಯದು ಬ್ಯಾಟರಿ ಟರ್ಮಿನಲ್ ಮೇಲೇ ಕೂರುವ, ಗುಂಡಿ ತಿರುಗಿಸಿ ಬಿಚ್ಚುವಂಥದ್ದು. ಎರಡನೆಯದು ಚಾಕುವಿನಂಥ ಸಂಪರ್ಕದ ಹಿಡಿ ಇರುವಂಥದ್ದು. ಇವೆರಡೂ ಅಗ್ಗ, ಕೇಬಲ್ ಕೆಲಸ ಇಲ್ಲ. ಕಾರು ಸುಮ್ಮನೆ ನಿಂತಿರೋದಕ್ಕೆ ಸಾಕು. ಆದರೆ ಬಾನೆಟ್ ಎತ್ತಲೇಬೇಕು, ಹೊಗೆ ಬರುವಾಗ ಅದು ಮತ್ತೆ ಹತ್ತು ಸೆಕೆಂಡ್.

ಮೂರನೆಯದು ಕೆಂಪು ಹಿಡಿಕೆ ತಿರುಗಿಸುವ ರೋಟರಿ ಸ್ವಿಚ್. ಹಿಡಿಕೆ ಕಳಚಿ ಜೇಬಿಗೆ ಹಾಕಿಕೊಳ್ಳಬಹುದು, ಕಳ್ಳನಿಗೂ ಒಂದಿಷ್ಟು ತೊಂದರೆ. ನಾವು ತಂದಿದ್ದು ಇದನ್ನೇ. ಕೊಳ್ಳುವಾಗ ಎರಡು ಅಂಕಿ ನೋಡಿ. ಸತತವಾಗಿ ತಡೆಯುವ ಕರೆಂಟ್ 100 ಆಂಪಿಯರ್ ಆದರೂ ಇರಲಿ. ಕೆಲವು ಸೆಕೆಂಡ್ ತಡೆಯುವ ಕರೆಂಟ್ 500 ಆಂಪಿಯರ್ ಇರಲಿ. ಪದ್ಮಿನಿಯದು 1,089 ಸಿಸಿ ಎಂಜಿನ್, ಸ್ಟಾರ್ಟರ್ ನೂರು, ನೂರೈವತ್ತು ಆಂಪಿಯರ್ ಎಳೆದರೆ ಆಶ್ಚರ್ಯವಿಲ್ಲ.

ಕೂರಿಸಿದ ಕ್ರಮ

1. ಗಾಳಿ ಆಡುವ ಜಾಗದಲ್ಲಿ ಕಾರು ನಿಲ್ಲಿಸಿ. ಚಾರ್ಜ್ ಆದ ಬ್ಯಾಟರಿಯಿಂದ ಹೈಡ್ರೋಜನ್ ಬರತ್ತೆ, ಒಂದು ಕಿಡಿ ಸಾಕು. ಉಂಗುರ, ವಾಚು, ಕೈಕಡಗ ತೆಗೆದಿಡಿ. ಕಣ್ಣಿಗೆ ಕನ್ನಡಕ ಹಾಕಿ.

2. ಮೊದಲು ಬಾಡಿ ಕಡೆಯ ಕೇಬಲ್ ಬಿಚ್ಚಿ. ಮತ್ತೆ ಜೋಡಿಸುವಾಗ ಇದೇ ಕೊನೆಯದು. ಈ ಕ್ರಮ ತಪ್ಪಬೇಡಿ.

3. ಜಾಗ ಆರಿಸಿ. ನಾವು ಡ್ಯಾಶ್‌ಬೋರ್ಡ್ ಕೆಳಗೆ, ಡ್ರೈವರ್ ಕೈಗೆ ಎಟಕುವ ಹಾಗೆ, ಆದರೆ ಮೊಣಕಾಲು ತಾಗದ ಹಾಗೆ ಒಂದು ತಗಡಿನ ಬ್ರಾಕೆಟ್ ಮಾಡಿ ಕೂರಿಸಿದೆವು. ಹಿಡಿಕೆ ಅಲುಗಾಟಕ್ಕೆ ತಾನಾಗೇ ತಿರುಗಬಾರದು.

4. ಕೇಬಲ್ 25 ಚದರ ಮಿಲಿಮೀಟರ್, ಬಹು ಎಳೆಯ ತಾಮ್ರದ್ದು. ತುದಿಗೆ ಲಗ್ ಹಾಕಿ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿ. ಇಕ್ಕಳದಲ್ಲಿ ಜಜ್ಜಿದ ಲಗ್ ಒಂದು ಮಳೆಗಾಲ ಕಳೆಯೋದರಲ್ಲಿ ಕಾಯೋಕೆ ಶುರುಮಾಡತ್ತೆ. ನಮ್ಮೂರಲ್ಲಿ ಇನ್ವರ್ಟರ್ ರಿಪೇರಿ ಅಂಗಡಿಯಲ್ಲಿ ಒತ್ತಿಸಿಕೊಂಡೆ.

5. ತಗಡಿನ ತೂತಿಗೆ ರಬ್ಬರ್ ಉಂಗುರ ಕಡ್ಡಾಯ. ಒಂದು ಸಲ ಪಾಠ ಕಲಿತಾಗಿದೆ.

6. ಬಾಡಿಗೆ ಬೋಲ್ಟ್ ಆಗುವ ಜಾಗದಲ್ಲಿ ಬಣ್ಣ, ತುಕ್ಕು ಕೆರೆದು ಲೋಹ ಹೊಳೆಯುವ ಹಾಗೆ ಮಾಡಿ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿ ಗಟ್ಟಿ ಇದೆಯಾ ಅಂತಲೂ ಆಗಲೇ ನೋಡಿ. ಅದು ಕಡಿದಿದ್ದರೆ ಸ್ಟಾರ್ಟರ್ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕತ್ತೆ.

7. ಬ್ಯಾಟರಿ ಟರ್ಮಿನಲ್ ಮೇಲೆ ಈ ಒಂದು ಕೇಬಲ್ ಬಿಟ್ಟು ಬೇರೆ ಸಣ್ಣ ತಂತಿ ಇದೆಯಾ ನೋಡಿ. ನಮ್ಮಲ್ಲಿತ್ತು. ಸ್ಟೀರಿಯೋ ಹಾಕಿದವರು ಅದರ ಮೈನಸ್ ತಂತಿಯನ್ನು ನೇರ ಬ್ಯಾಟರಿಗೆ ಕಟ್ಟಿದ್ದರು.

ಈ ಏಳನೆಯದನ್ನು ಸ್ವಲ್ಪ ನಿಧಾನವಾಗಿ ಓದಿ. ಸ್ಟೀರಿಯೋದ ಲೋಹದ ಪೆಟ್ಟಿಗೆ ಡ್ಯಾಶ್‌ಬೋರ್ಡ್ ಮೂಲಕ ಬಾಡಿಗೆ ತಾಗಿರತ್ತೆ. ಅಂದರೆ ಸ್ವಿಚ್ ಆಫ್ ಮಾಡಿದರೂ ಬಾಡಿಯಿಂದ ಬ್ಯಾಟರಿಗೆ ಆ ಸಣ್ಣ ತಂತಿಯ ಕಳ್ಳದಾರಿ ಉಳಿಯತ್ತೆ. ಯಾರೋ ಮರೆತು ಸ್ಟಾರ್ಟ್ ಹೊಡೆದರೆ ಅಷ್ಟೂ ಕರೆಂಟ್ ಆ ಎಳೆಯಲ್ಲೇ ಹರಿಯಬೇಕು. ಬೆಂಕಿ ತಪ್ಪಿಸೋಕೆ ಹಾಕಿದ ಸ್ವಿಚ್ಚೇ ಬೆಂಕಿಗೆ ಕಾರಣ ಆಗತ್ತೆ. ಆ ತಂತಿಯನ್ನು ಬಿಚ್ಚಿ ಸ್ವಿಚ್‌ನ ಬಾಡಿ ಬದಿಗೆ ಸೇರಿಸಿ.

ಪರೀಕ್ಷೆ

ಹಾಕಿದ್ದಾಯ್ತು ಅಂತ ಕೈ ತೊಳೆಯಬೇಡಿ. ಮಲ್ಟಿಮೀಟರ್ ತಗೊಂಡು ಎರಡು ಅಳತೆ ಮಾಡಿ.

ಒಂದು, ವೋಲ್ಟೇಜ್ ನಷ್ಟ. ಮೀಟರ್ ಅನ್ನು ವೋಲ್ಟ್‌ನಲ್ಲಿಟ್ಟು ಸ್ವಿಚ್‌ನ ಎರಡು ಬೋಲ್ಟ್‌ಗಳಿಗೆ ಹಿಡಿದು, ಇನ್ನೊಬ್ಬರಿಗೆ ಸ್ಟಾರ್ಟ್ ಹೊಡೆಯೋಕೆ ಹೇಳಿ. ನಮಗೆ ಬಂದಿದ್ದು 0.06 ವೋಲ್ಟ್. 0.2 ದಾಟಿದರೆ ಸ್ವಿಚ್ ಕಳಪೆ ಅಥವಾ ನಟ್ಟು ಸಡಿಲ. 150 ಆಂಪಿಯರ್‌ನಲ್ಲಿ 0.2 ವೋಲ್ಟ್ ಅಂದರೆ ಆ ಪುಟ್ಟ ಸ್ವಿಚ್ ಒಳಗೆ 30 ವ್ಯಾಟ್ ಶಾಖ. ಓಮ್‌ಮೀಟರ್ ಇದನ್ನ ಹಿಡಿಯಲ್ಲ, ಅಷ್ಟು ಸಣ್ಣ ರೋಧ ಸಾಮಾನ್ಯ ಮೀಟರ್‌ಗೆ ಕಾಣಿಸಲ್ಲ.

ಎರಡು, ಸೋರಿಕೆ. ಸ್ವಿಚ್ ಆಫ್ ಮಾಡಿ, ಮೀಟರ್ ಅನ್ನು 10 ಆಂಪಿಯರ್ ಸಾಕೆಟ್‌ಗೆ ಹಾಕಿ, ಅವೇ ಎರಡು ಬೋಲ್ಟ್‌ಗಳಿಗೆ ಹಿಡಿಯಿರಿ. ಈಗ ಕೀಲಿ ಮುಟ್ಟಬಾರದು, ಮುಟ್ಟಿದರೆ ಮೀಟರಿನ ಫ್ಯೂಸ್ ಹೋಗತ್ತೆ. ನಮ್ಮ ಕಾರು ನಿಂತಲ್ಲೇ 40 ಮಿಲಿಆಂಪಿಯರ್ ಕುಡೀತಿತ್ತು, ಹೆಚ್ಚಿನದು ಸ್ಟೀರಿಯೋ. ದಿನಕ್ಕೆ 0.96 ಆಂಪಿಯರ್-ಅವರ್. ನಮ್ಮದು 45 ಆಂಪಿಯರ್-ಅವರ್ ಬ್ಯಾಟರಿ. ಒಂದು ತಿಂಗಳಿಗೇ ಅರ್ಧಕ್ಕಿಂತ ಹೆಚ್ಚು ಖಾಲಿ. ನಾನು ಸೆಮಿಸ್ಟರ್ ಮುಗಿಸಿ ಬಂದಾಗಲೆಲ್ಲ ಕಾರು ತಳ್ಳಬೇಕಾಗಿ ಬರ್ತಿದ್ದ ಗುಟ್ಟು ಇದೇ. ಖಾಲಿಯಾಗೇ ಬಿಟ್ಟ ಲೆಡ್ ಆಸಿಡ್ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಆಯುಷ್ಯವೂ ಕಡಿಮೆ ಆಗತ್ತೆ. ಆದರೆ ಸ್ವಿಚ್ ಆಫ್ ಇದ್ದರೂ ಬ್ಯಾಟರಿ ತನ್ನೊಳಗೇ ನಿಧಾನವಾಗಿ ಇಳಿಯತ್ತೆ, ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಇದು ಏನು ಮಾಡಲ್ಲ

ಎಂಜಿನ್ ಓಡುವಾಗ ಈ ಸ್ವಿಚ್ ಆಫ್ ಮಾಡಬೇಡಿ. ಎಂಜಿನ್ ನಿಲ್ಲೋದಿಲ್ಲ, ಆಲ್ಟರ್ನೇಟರ್ರೇ ಇಗ್ನಿಷನ್‌ಗೆ ಕರೆಂಟ್ ಕೊಡತ್ತೆ. ಜೊತೆಗೆ ಬ್ಯಾಟರಿ ಎಂಬ ಹೊರೆ ಒಮ್ಮೆಲೇ ಹೋದಾಗ ವೋಲ್ಟೇಜ್ ಹತ್ತಾರು ವೋಲ್ಟ್‌ಗೆ ಜಿಗಿದು ಡಯೋಡ್, ರೆಗ್ಯುಲೇಟರ್ ಸುಡಬಹುದು. ರ‍್ಯಾಲಿ ಕಾರುಗಳ ಆರು ಟರ್ಮಿನಲ್ ಸ್ವಿಚ್ ಇದಕ್ಕೇ ಬೇರೆ. ಅದು ಬ್ಯಾಟರಿಯ ಜೊತೆಗೆ ಇಗ್ನಿಷನ್ ಕೂಡ ಕತ್ತರಿಸಿ, ಆಲ್ಟರ್ನೇಟರ್‌ನಲ್ಲಿ ಉಳಿದ ಶಕ್ತಿಯನ್ನು ಒಂದು ರೆಸಿಸ್ಟರ್ ಮೂಲಕ ಇಳಿಸತ್ತೆ. ನಮ್ಮ ಸಾದಾ ಸ್ವಿಚ್‌ಗೆ ನಿಯಮ ಒಂದೇ: ಮೊದಲು ಕೀಲಿ, ಆಮೇಲೆ ಕೆಂಪು ಹಿಡಿಕೆ. ಹೊಗೆ ಬಂದಾಗಲೂ ಇದೇ ಕ್ರಮ.

ಇನ್ನೊಂದು ಮಾತು, ಸ್ವಿಚ್ ಎಲ್ಲಿದೆ ಅಂತ ಮನೆಯವರೆಲ್ಲರಿಗೂ ಗೊತ್ತಿರಬೇಕು. ಕೆಲಸ ಮುಗಿದ ದಿನ ಅಜ್ಜಿಯನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿ ತಿರುಗಿಸೋಕೆ ಹೇಳಿದೆ. ಕಾರು ಓಡಿಸದ ಅಜ್ಜಿ ಒಂದೇ ಕೈಯಲ್ಲಿ, ಒಂದೇ ಸಲಕ್ಕೆ ತಿರುಗಿಸಿದ್ರು. ಅಜ್ಜ ಹತ್ತಿರ ಬಂದು ನೋಡಿ, ಹೆಡ್‌ಲೈಟ್ ಹಾಕಿ ನೋಡಿ, ಹತ್ತಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ಹಿಡಿಕೆ ಕಳಚಿ ತಮ್ಮ ಜೇಬಿಗೆ ಹಾಕಿಕೊಂಡ್ರು. ಮಾರುವ ಮಾತು ಮತ್ತೆ ಬಂದಿಲ್ಲ.

ನಿಮ್ಮನೆಯಲ್ಲೂ ಹಳೇ ಕಾರು, ಜೀಪು, ಟ್ರ್ಯಾಕ್ಟರ್ ಇದ್ದರೆ ಈ ರಜೆಯಲ್ಲಿ ಒಮ್ಮೆ ಬಾನೆಟ್ ಎತ್ತಿ, ತಗಡಿನ ತೂತಿನ ರಬ್ಬರ್ ಉಂಗುರ ಮುಟ್ಟಿ ನೋಡಿ. ಸ್ವಿಚ್ ಆಮೇಲೆ ಹಾಕಿದರಾಯ್ತು. ಮತ್ತೆ, ಮುಂದಿನ ಆಯುಧಪೂಜೆಗೆ ಒಂದು ಸ್ಪ್ಯಾನರ್ ಮಾತ್ರ ಕಾರಲ್ಲೇ ಇರಲಿ, ಅಲ್ಲೇ ಪೂಜೆ ಮಾಡಿದರೂ ದೇವರು ಬೇಜಾರು ಮಾಡ್ಕೊಳ್ಳಲ್ಲ.