ಹಳೇ ಯಂತ್ರದ ಜೀವ ಹಳೇ ಡಿಸ್ಕಿನಲ್ಲಿ

ಲ್ಯಾಬಿನ ಮೂಲೆಯ ಸ್ಪೆಕ್ಟ್ರೋಫೋಟೋಮೀಟರ್ ಇನ್ನೂ ಗಟ್ಟಿಮುಟ್ಟಾಗಿದೆ. ಅದನ್ನು ನಡೆಸುವ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಮಾತ್ರ ಏದುಸಿರು ಬಿಡುತ್ತಿದೆ. ಹಾಗಂತ ಎರಡನ್ನೂ ಗುಜರಿಗೆ ಹಾಕಬೇಡಿ.

ಮೊದಲು ಹಳೇ ಹಾರ್ಡ್ ಡಿಸ್ಕಿನ ಪೂರ್ತಿ ಇಮೇಜ್ ತೆಗೆದಿಡಿ. ಬರೀ ಫೈಲು ಕಾಪಿ ಮಾಡಿದರೆ ಸಾಲದು. ಡ್ರೈವರ್, ಲೈಸೆನ್ಸ್, ಕ್ಯಾಲಿಬ್ರೇಶನ್ ಅಂಕಿಗಳು ಎಲ್ಲೆಲ್ಲೋ ಅಡಗಿರುತ್ತವೆ. ಡಿಸ್ಕ್ ಕೆಟ್ಟ ಮೇಲೆ ಪರದಾಡಿದರೆ, ಕೋಟೆ ಕೊಳ್ಳೆಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇನ್ನು ಹೊಸ ಕಂಪ್ಯೂಟರಿಗೆ ಬದಲಾಯಿಸುವ ಮಾತು. 64 ಬಿಟ್ ವಿಂಡೋಸ್‌ನಲ್ಲಿ ಹಳೇ 16 ಬಿಟ್ ಪ್ರೋಗ್ರಾಂ ಓಡುವುದಿಲ್ಲ. ಆಗ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದೊಳಗೆ ಹಳೇ ವಿಂಡೋಸನ್ನೇ ಕೂರಿಸಿ. ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ಲಿಗೆ ಒಂದು ಒಳ್ಳೆಯ ಯುಎಸ್‌ಬಿ ಕನ್ವರ್ಟರ್ ಸಾಕು. ಆದರೂ ಉಪಕರಣ ಮಾತಾಡದಿದ್ದರೆ ಪೋರ್ಟ್ ಸಂಖ್ಯೆ ನೋಡಿ: ಕನ್ವರ್ಟರ್ ಕಾಮ್ 7 ಎಂದು ಕೂತಿರುತ್ತದೆ, ಹಳೇ ಸಾಫ್ಟ್‌ವೇರಿಗೆ ಕಾಮ್ 1, 2 ಬಿಟ್ಟರೆ ಬೇರೆ ಗೊತ್ತಿರುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಬದಲಿಸಿದರಾಯಿತು.

ಉಪಕರಣಕ್ಕೆ ಮದರ್‌ಬೋರ್ಡಿಗೆ ಸಿಕ್ಕಿಸುವ ಹಳೇ ಕಾಲದ ಐಎಸ್‌ಎ ಕಾರ್ಡೇ ಬೇಕೆಂದರೆ ಈ ಉಪಾಯ ನಡೆಯದು. ಹಳೇ ಕಂಪ್ಯೂಟರನ್ನೇ ಜೋಪಾನ ಮಾಡಿ. ಅಂಥದ್ದೇ ಇನ್ನೊಂದು ಸಿಕ್ಕರೆ ಎತ್ತಿಡಿ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಬದಲಿಸಿ, ಇಲ್ಲವಾದರೆ ಫಲಿತಾಂಶದ ಮೇಲೆ ಯಾವುದೋ ತಾರೀಖು ಬೀಳುತ್ತದೆ.

ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಇಂಟರ್‌ನೆಟ್ ತಂತಿ ಕಿತ್ತುಬಿಡಿ.

ಕೊನೆಗೆ, ಒಂದೇ ಸ್ಟ್ಯಾಂಡರ್ಡ್ ದ್ರಾವಣವನ್ನು ಹಳೇ, ಹೊಸ ವ್ಯವಸ್ಥೆ ಎರಡರಲ್ಲೂ ಅಳೆಯಿರಿ. ಅಂಕಿಗಳು ತಾಳೆಯಾದ ಮೇಲೆಯೇ ಹೊಸದನ್ನು ನಂಬಿ.