ಕಿರ್ರೆನ್ನುವ ಕನ್ನಡಿ: ಬದಲಾಯಿಸುವ ಮೊದಲು
ರೂಮ್‌ಮೇಟ್ ಅಪ್ಪನ ಕಾರಿನ ಎಡಗಡೆ ಕನ್ನಡಿ ಮಡಚೋಕೆ ಒದ್ದಾಡ್ತಿತ್ತು. ಬಲಗಡೆಯದು ಮಡಚಿ ಸುಮ್ಮನಾದ ಮೇಲೂ ಇದು ಕಿರ್ರ್ ಅಂತಾನೇ ಇರೋದು. ಗ್ಯಾರೇಜಿನಲ್ಲಿ ‘ಇಡೀ ಅಸೆಂಬ್ಲಿ ಬದಲಾಯಿಸಿ’ ಅಂದರು. ನಾವು ಅಂಕಲ್ ಹತ್ರ ಒಂದು ಭಾನುವಾರ ಕೇಳಿಕೊಂಡೆವು.

ಒಳಗಿರೋದು 12 ವೋಲ್ಟಿನ ಪುಟ್ಟ ಡಿಸಿ ಮೋಟರ್. ವರ್ಮ್ ಗೇರ್ ಅದರ ವೇಗ ತಗ್ಗಿಸಿ ಟಾರ್ಕ್ ಹೆಚ್ಚಿಸುತ್ತದೆ. ಗ್ರೀಸ್ ಒಣಗಿ ಧೂಳು ಸೇರಿದರೆ ಘರ್ಷಣೆ ಹೆಚ್ಚಿ ಮೋಟರ್ ನಿಧಾನವಾಗುತ್ತೆ, ಬ್ಯಾಕ್ ಇಎಂಎಫ್ ಇಳಿದು ಕರೆಂಟ್ ಜಾಸ್ತಿ ಎಳೆಯುತ್ತೆ. (ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇದನ್ನೇ!)

‘ಟಕ್ ಟಕ್’ ಸದ್ದಾದರೆ ಯಾರೋ ಕೈಯಿಂದ ತಳ್ಳಿ ಕ್ಲಚ್ ಜಾಗ ತಪ್ಪಿರಬಹುದು. ಸ್ವಿಚ್ ಒತ್ತಿ ಪೂರ್ತಿ ಮಡಚಿ ಬಿಡಿಸಿದರೆ ಎಷ್ಟೋ ಸಲ ಸರಿಹೋಗುತ್ತೆ. ಮೋಟರ್ ತಿರುಗಿಯೂ ಕನ್ನಡಿ ಅಲುಗದಿದ್ದರೆ ಗೇರಿನ ಹಲ್ಲು ಮುರಿದಿರಬಹುದು, ಅದಕ್ಕೆ ಗ್ರೀಸ್ ಮದ್ದಲ್ಲ.

ಇಂಜಿನ್ ಆನ್ ಮಾಡಿದಾಗ ವೋಲ್ಟೇಜ್ 12.6ರಿಂದ 14ರ ಹತ್ತಿರಕ್ಕೆ ಏರಿತು. ಆದರೂ ಎಡಗಡೆಯದು ಹಿಂದೆಯೇ. ಅಂದರೆ ಬ್ಯಾಟರಿ ತಪ್ಪಲ್ಲ. ಬುಡದ ಸಂದಿಯ ಮಣ್ಣನ್ನು ಬ್ರಷ್‌ನಿಂದ ತೆಗೆದು, ಸಿಲಿಕೋನ್ ಸ್ಪ್ರೇ ಹೊಡೆದು, ಹತ್ತು ಸಲ ಮಡಚಿ ಬಿಡಿಸಿದೆವು. ನಡುವೆ ಬಿಡುವು ಕೊಡಲೇಬೇಕು, ಇಲ್ಲದಿದ್ದರೆ ಮೋಟರ್ ಬಿಸಿಯಾಗುತ್ತೆ. ಇದಕ್ಕೂ ಬಗ್ಗದಿದ್ದರೆ ಕನೆಕ್ಟರ್‌ಗೆ ಮಲ್ಟಿಮೀಟರ್ ಹಿಡಿಯಬೇಕಿತ್ತು.

ಕಿರ್ರ್ ಸದ್ದು ಹೋಯಿತು. ಬಲಗಡೆಗಿಂತ ಈಗಲೂ ಸ್ವಲ್ಪ ನಿಧಾನ. ಅಂಕಲ್ ‘ಸಾಕು ಬಿಡ್ರಪ್ಪಾ’ ಅಂದರು.